ಗ್ರಂಥಾಲಯದ ಹಳೆಯ ಮ್ಯಾಕ್ ಮತ್ತು ಕಚೇರಿಯ ವಿಂಡೋಸ್ ಗಣಕಯಂತ್ರ: ಕಡತಗಳ ಸುರಕ್ಷಿತ ಹಂಚಿಕೆ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಗ್ರಾಮ ಪಂಚಾಯಿತಿ ಕಚೇರಿಗಳ ದೈನಂದಿನ ಕೆಲಸಗಳು ಸಾಮಾನ್ಯವಾಗಿ ವಿಂಡೋಸ್ ಗಣಕಯಂತ್ರಗಳಲ್ಲಿ ನಡೆಯುತ್ತವೆ. ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳ ಬಳಕೆ, ಸಭಾ ನಡವಳಿಗಳ ಬೆರಳಚ್ಚು, ಫಲಾನುಭವಿಗಳ ಪಟ್ಟಿ, ತೆರಿಗೆ ವಸೂಲಾತಿಯ ವಿವರ ಎಲ್ಲವೂ ಅವುಗಳಲ್ಲಿಯೇ ಇರುತ್ತವೆ. ಇದರ ನಡುವೆ, ಊರಿನಿಂದ ಹೊರಗೆ ನೆಲೆಸಿರುವ ದಾನಿಗಳು ತಾವು ಬಳಸಿದ ಆಪಲ್ ಸಂಸ್ಥೆಯ ಮ್ಯಾಕ್ ಗಣಕಯಂತ್ರವನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಕೊಡುಗೆಯಾಗಿ ನೀಡುವ ಸಂದರ್ಭಗಳು ಬರಬಹುದು. ಯಂತ್ರ ಸುಸ್ಥಿತಿಯಲ್ಲಿರುತ್ತದೆ, ಪರದೆ ಚೆನ್ನಾಗಿರುತ್ತದೆ. ಆದರೆ ಕಚೇರಿಯಲ್ಲಿ ಸಿದ್ಧವಾದ ಗ್ರಾಮಸಭೆಯ ತಿಳಿವಳಿಕೆ ಪತ್ರವನ್ನು ಅದಕ್ಕೆ ಕಳುಹಿಸಲು ಹೋದರೆ ಎರಡು ಯಂತ್ರಗಳೂ ಪರಸ್ಪರ ಗುರುತಿಸುವುದಿಲ್ಲ.

ಇಂತಹ ಸಂದರ್ಭದಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಯಂತ್ರವು ನಿರುಪಯುಕ್ತವೆಂದು ಮೂಲೆಗಿಡುವುದು ಒಂದು. ಅದನ್ನು ಹೇಗಾದರೂ ಜೋಡಿಸಬೇಕೆಂಬ ಆತುರದಲ್ಲಿ ಕಚೇರಿಯ ಗಣಕಯಂತ್ರದ ಭದ್ರತೆಯನ್ನೇ ಸಡಿಲಿಸುವುದು ಇನ್ನೊಂದು. ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ. ಜೋಡಣೆಯ ಕೆಲಸವನ್ನು ಗಣಕಯಂತ್ರ ನಿರ್ವಾಹಕರು ಹಾಗೂ ಗ್ರಂಥಾಲಯ ಮೇಲ್ವಿಚಾರಕರು ನಿರ್ವಹಿಸುವರಾದರೂ ಅದಕ್ಕೆ ಒಪ್ಪಿಗೆ ನೀಡುವ ಹೊಣೆ ಸದಸ್ಯರದ್ದು. ಆದುದರಿಂದ ವಿಷಯದ ತಿರುಳನ್ನು ಸದಸ್ಯರೂ ತಿಳಿದಿರುವುದು ಅಗತ್ಯ.

1. ಯಂತ್ರಗಳು ಏಕೆ ಹೊಂದುವುದಿಲ್ಲ?

ಒಂದು ಗಣಕಯಂತ್ರದಲ್ಲಿರುವ ಕಡತವನ್ನು ಇನ್ನೊಂದು ಯಂತ್ರವು ಜಾಲದ ಮೂಲಕ ಓದಬೇಕಾದರೆ ಎರಡಕ್ಕೂ ತಿಳಿದಿರುವ ಒಂದು ಸಾಮಾನ್ಯ ವಿಧಾನ ಬೇಕು. ವಿಂಡೋಸ್ ಬಳಸುವ ವಿಧಾನಕ್ಕೆ ಎಸ್‌ಎಂಬಿ ಎಂದು ಹೆಸರು. ಮ್ಯಾಕ್ ಯಂತ್ರಗಳು ದೀರ್ಘಕಾಲ ತಮ್ಮದೇ ಆದ ಎಎಫ್‌ಪಿ ಎಂಬ ವಿಧಾನವನ್ನು ಅವಲಂಬಿಸಿದ್ದವು. 2002ರಲ್ಲಿ ಬಂದ 10.2ನೇ ಆವೃತ್ತಿಯ ವೇಳೆಗೆ ಮ್ಯಾಕ್‌ನಲ್ಲಿ ವಿಂಡೋಸ್‌ನೊಂದಿಗೆ ಹಂಚಿಕೊಳ್ಳುವ ಸೌಲಭ್ಯವೂ ಸೇರಿತು. ಆದರೆ ಅದು ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಆಧರಿಸಿತ್ತು. ಸುಧಾರಿತ ಎರಡನೇ ಆವೃತ್ತಿಯು ಮ್ಯಾಕ್‌ನ ಸಹಜ ವಿಧಾನವಾದದ್ದು 2013ರಲ್ಲಿ ಬಂದ 10.9ನೇ ಆವೃತ್ತಿಯಿಂದ.

ಎಸ್‌ಎಂಬಿಯ ಮೊದಲ ಆವೃತ್ತಿಯು ಇಂದಿನ ಭದ್ರತಾ ಅಗತ್ಯಗಳಿಗೆ ತಕ್ಕುದಲ್ಲ. 2017ರ ಮೇ ತಿಂಗಳಿನಲ್ಲಿ ‘ವನ್ನಾಕ್ರೈ’ ಎಂಬ ಹಾನಿಕಾರಕ ತಂತ್ರಾಂಶವು ವಿಂಡೋಸ್‌ನ ಈ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನೇ ಬಳಸಿಕೊಂಡು ಯಂತ್ರದಿಂದ ಯಂತ್ರಕ್ಕೆ ತಾನೇ ಹರಡಿತು. ಅದು ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುತ್ತಿತ್ತು. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯ ಆಸ್ಪತ್ರೆಗಳು ಸಹ ಅದರಿಂದ ಬಾಧಿತವಾದವು. ಆ ದೋಷಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ತೊಂದರೆಗೆ ಒಳಗಾದವು. 2017ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ನವೀಕರಣದ ನಂತರ, ಹೊಸದಾಗಿ ಸ್ಥಾಪಿಸುವ ವಿಂಡೋಸ್‌ನಲ್ಲಿ ಮೊದಲ ಆವೃತ್ತಿಯು ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಮ್ಯಾಕ್ ಮತ್ತು ಹೊಸ ವಿಂಡೋಸ್ ಹೊಂದಿಕೊಳ್ಳದಿರುವುದಕ್ಕೆ ಮುಖ್ಯ ಕಾರಣ ಇದು. ಇದನ್ನು ಯಂತ್ರದ ಕೆಡುಕೆಂದು ಭಾವಿಸಬಾರದು. ಅಪಾಯವಿದ್ದ ಬಾಗಿಲನ್ನು ತಿಳಿದೇ ಮುಚ್ಚಲಾಗಿದೆ.

ಆ ಬಾಗಿಲನ್ನು ಮತ್ತೆ ತೆರೆಯುವುದು ಸುಲಭ. ವಿಂಡೋಸ್‌ನ ಸೌಲಭ್ಯಗಳ ಪಟ್ಟಿಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕು, ಹಳೆಯ ಮ್ಯಾಕ್ ಕಾಣತೊಡಗಬಹುದು. ದುರಸ್ತಿಗೆ ಬಂದವರು ಹೀಗೆ ಮಾಡಿಕೊಡುತ್ತೇವೆ ಎಂದು ಹೇಳಬಹುದು. ಕಚೇರಿಯ ಯಂತ್ರದಲ್ಲಿ ಇದಕ್ಕೆ ಯಾವ ಕಾರಣಕ್ಕೂ ಅವಕಾಶ ನೀಡಬಾರದು.

2. ಮೊದಲು ಆವೃತ್ತಿಯನ್ನು ನೋಡುವುದು

ಮ್ಯಾಕ್ ಪರದೆಯ ಎಡ ಮೇಲ್ತುದಿಯಲ್ಲಿರುವ ಸೇಬಿನ ಚಿಹ್ನೆಯನ್ನು ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ಎಂಬುದನ್ನು ಆಯ್ದರೆ ಆವೃತ್ತಿಯ ಸಂಖ್ಯೆ, ಸಂಸ್ಕಾರಕ ಮತ್ತು ಸ್ಮೃತಿಯ ವಿವರ ಕಾಣುತ್ತದೆ. ಅದರ ಆಧಾರದ ಮೇಲೆ ಯಂತ್ರವನ್ನು ಮೂರು ವರ್ಗಗಳಲ್ಲಿ ಒಂದಕ್ಕೆ ಸೇರಿಸಬಹುದು.

ಅ) 10.9 ಅಥವಾ ನಂತರದ ಆವೃತ್ತಿ: ಜಾಲದ ಮೂಲಕ ಜೋಡಿಸಬಹುದು.

ಆ) ಇಂಟೆಲ್ ಸಂಸ್ಕಾರಕವಿದ್ದು, 10.8 ಅಥವಾ ಹಿಂದಿನ ಆವೃತ್ತಿ: ಮೊದಲು ಆವೃತ್ತಿಯನ್ನು ಏರಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕು. 2007ರ ಮಧ್ಯಭಾಗದ ಹಾಗೂ ನಂತರದ ಐಮ್ಯಾಕ್‌ಗಳು, 2009ರ ಆರಂಭದ ಹಾಗೂ ನಂತರದ ಮ್ಯಾಕ್ ಮಿನಿಗಳು 10.11ನೇ ಆವೃತ್ತಿಯನ್ನು ನಡೆಸಬಲ್ಲವು. ಅದಕ್ಕೆ ಕನಿಷ್ಠ 2 ಜಿಬಿ ಸ್ಮೃತಿ ಇರಬೇಕು, ಈಗಿರುವ ಆವೃತ್ತಿ 10.6.8ಕ್ಕಿಂತ ಕೆಳಗಿರಬಾರದು. ಆಪಲ್ ಇದಕ್ಕೆ ಶುಲ್ಕ ಪಡೆಯುವುದಿಲ್ಲ.

ಇ) ಪವರ್‌ಪಿಸಿ ಸಂಸ್ಕಾರಕವಿರುವ ಯಂತ್ರ: ಆಪಲ್ 2006ರಲ್ಲಿ ಇಂಟೆಲ್ ಸಂಸ್ಕಾರಕಗಳಿಗೆ ಬದಲಾಗುವ ಮುನ್ನಿನ ಈ ಯಂತ್ರಗಳು 10.5ನೇ ಆವೃತ್ತಿಯನ್ನು ದಾಟಲಾರವು. ಇವುಗಳನ್ನೂ, ಮೇಲೇರಿಸಲಾಗದ ಇಂಟೆಲ್ ಯಂತ್ರಗಳನ್ನೂ ಕಚೇರಿಯ ಜಾಲಕ್ಕೆ ಸೇರಿಸಬಾರದು. ಇವುಗಳಿಗೆ ಪೆನ್‌ಡ್ರೈವ್ ಮಾರ್ಗವಿದೆ. ಅದರ ವಿವರ 6ನೇ ಭಾಗದಲ್ಲಿದೆ.

ಕಚೇರಿಯ ವಿಂಡೋಸ್ ಆವೃತ್ತಿಯನ್ನೂ ಇದೇ ಸಂದರ್ಭದಲ್ಲಿ ನೋಡಿಕೊಳ್ಳುವುದು ಉಚಿತ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಮ್ಯಾಕ್‌ನ ಹಳೆಯತನವನ್ನು ಚರ್ಚಿಸುವಾಗ ಕಚೇರಿಯ ಯಂತ್ರದ ಹಳೆಯತನವೂ ಸದಸ್ಯರ ಗಮನದಲ್ಲಿರಬೇಕು.

3. ಬಾಗಿಲು ಯಾವ ಯಂತ್ರದಲ್ಲಿರಬೇಕು?

ಎರಡು ಯಂತ್ರಗಳ ನಡುವೆ ಹಂಚಿಕೆ ಎಂದರೆ ಒಂದು ಯಂತ್ರವು ತನ್ನ ಒಂದು ಕಡತಕೋಶವನ್ನು ತೆರೆದಿಡುವುದು, ಇನ್ನೊಂದು ಯಂತ್ರವು ಅಲ್ಲಿಗೆ ಬಂದು ಇಡುವುದು ಅಥವಾ ಕೊಂಡೊಯ್ಯುವುದು. ಯಾವುದು ತೆರೆದಿಡಬೇಕು ಎಂಬುದೇ ಇಲ್ಲಿ ಮುಖ್ಯವಾದ ನಿರ್ಧಾರ.

ಮನೆಗೆ ಬಂದವರ ಕೈಗೆ ಏನನ್ನಾದರೂ ಕೊಡಬೇಕಾದಾಗ ಒಳಕೋಣೆಯ ಬೀಗದ ಕೈ ಕೊಡುವ ಪದ್ಧತಿ ಇಲ್ಲ. ಒಳಗಿನವರು ವಸ್ತುವನ್ನು ಜಗಲಿಗೆ ತಂದಿಡುತ್ತಾರೆ, ಬಂದವರು ಅಲ್ಲಿಂದ ಪಡೆಯುತ್ತಾರೆ. ಇಲ್ಲಿಯೂ ಅದೇ ಕ್ರಮ. ಕಚೇರಿಯ ವಿಂಡೋಸ್ ಯಂತ್ರವು ಒಳಕೋಣೆ, ಗ್ರಂಥಾಲಯದ ಮ್ಯಾಕ್ ಜಗಲಿ. ಹಂಚಿಕೆಯ ಕಡತಕೋಶವು ಮ್ಯಾಕ್‌ನಲ್ಲಿರಬೇಕು. ಕಚೇರಿಯ ಯಂತ್ರವು ಅಲ್ಲಿಗೆ ಹೋಗಿ ಪ್ರತಿಯನ್ನು ಇಟ್ಟು ಬರಬೇಕು. ಮ್ಯಾಕ್‌ಗಾಗಿ ಕಚೇರಿಯ ಯಂತ್ರದೊಳಗೆ ಯಾವ ದಾರಿಯನ್ನೂ ತೆರೆಯಬಾರದು. ಹೀಗೆ ಮಾಡಿದಾಗ ವಿಂಡೋಸ್‌ನ ರಕ್ಷಣಾ ವ್ಯವಸ್ಥೆಯನ್ನು ಸಡಿಲಿಸುವ ಅಗತ್ಯ ಬೀಳುವುದಿಲ್ಲ. ಜಾಲದ ಬಗೆಯನ್ನು ‘ಪಬ್ಲಿಕ್’ ಎಂದೇ ಉಳಿಸಿಕೊಳ್ಳಬಹುದು.

4. ತಂತಿ ಸಂಪರ್ಕ

ಎರಡೂ ಯಂತ್ರಗಳು ಒಂದೇ ಕಟ್ಟಡದಲ್ಲಿದ್ದು, ಕಚೇರಿಯ ಯಂತ್ರದ ಜಾಲತಂತಿಯ ಕಿಂಡಿ ಖಾಲಿ ಇದ್ದರೆ, ಒಂದು ಸಾಮಾನ್ಯ ಎಥರ್ನೆಟ್ ಕೇಬಲ್‌ನಿಂದ ನೇರವಾಗಿ ಜೋಡಿಸುವುದು ಉತ್ತಮ. ಆಗ ಯಂತ್ರಗಳು ತಮಗೆ ತಾವೇ 169.254 ಎಂದು ಆರಂಭವಾಗುವ ವಿಳಾಸಗಳನ್ನು ಕೊಟ್ಟುಕೊಳ್ಳುತ್ತವೆ. ಇದಕ್ಕೆ ಒಂದೆರಡು ನಿಮಿಷ ಕಾಯಬೇಕಾಗಬಹುದು. ಭದ್ರತಾ ನವೀಕರಣಗಳು ನಿಂತುಹೋಗಿರುವ ಹಳೆಯ ಮ್ಯಾಕ್ ಅಂತರ್ಜಾಲಕ್ಕೆ ಸೇರದೆಯೇ ಕೆಲಸ ಮಾಡಬಲ್ಲದು ಎಂಬುದು ಈ ವಿಧಾನದ ದೊಡ್ಡ ಅನುಕೂಲ.

ಆ ಕಿಂಡಿಯು ಅಂತರ್ಜಾಲ ಸಂಪರ್ಕಕ್ಕೆ ಬಳಕೆಯಾಗುತ್ತಿದ್ದರೆ ಎರಡೂ ಯಂತ್ರಗಳನ್ನು ಕಚೇರಿಯ ರೌಟರ್‌ಗೆ ತಂತಿಯ ಮೂಲಕ ಜೋಡಿಸಬಹುದು. ಸಾರ್ವಜನಿಕರು ಬಳಸುವ ವೈಫೈ ಮೂಲಕ ಈ ಹಂಚಿಕೆಯನ್ನು ಮಾಡಬಾರದು.

5. ಜೋಡಣೆಯ ಕ್ರಮ

ಮ್ಯಾಕ್‌ನಲ್ಲಿ (10.9ರಿಂದ 12ನೇ ಆವೃತ್ತಿಯವರೆಗೆ):

(1) ಹಂಚಿಕೆಗೆಂದೇ ಒಂದು ಹೊಸ ಕಡತಕೋಶವನ್ನು ರಚಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಜಗಲಿ’ ಎಂಬಂತಹ ಚಿಕ್ಕ ಹೆಸರಿಡುವುದು.

(2) ‘ಸಿಸ್ಟಮ್ ಪ್ರಿಫರೆನ್ಸಸ್’ನ ‘ಯೂಸರ್ಸ್ ಆ್ಯಂಡ್ ಗ್ರೂಪ್ಸ್’ ಭಾಗದಲ್ಲಿ ‘ಶೇರಿಂಗ್ ಓನ್ಲಿ’ ಬಗೆಯ ಒಂದು ಹೊಸ ಖಾತೆಯನ್ನು ತೆರೆಯುವುದು. ಈ ಖಾತೆಯಿಂದ ಮ್ಯಾಕ್‌ನ ಮುಂದೆ ಕುಳಿತು ಕೆಲಸ ಮಾಡಲು ಬರುವುದಿಲ್ಲ. ಹಂಚಿದ ಕಡತಕೋಶವನ್ನು ಜಾಲದಿಂದ ತಲುಪಲು ಮಾತ್ರ ಸಾಧ್ಯ. ಇದೇ ಭಾಗದಲ್ಲಿ ಅತಿಥಿಗಳು ಹಂಚಿದ ಕಡತಕೋಶಗಳಿಗೆ ಬರುವ ಅನುಮತಿಯನ್ನು ತೆಗೆದುಹಾಕುವುದು.

(3) ‘ಶೇರಿಂಗ್’ ಭಾಗದಲ್ಲಿ ‘ಫೈಲ್ ಶೇರಿಂಗ್’ಗೆ ಗುರುತು ಹಾಕಿ, ಹೊಸ ಕಡತಕೋಶವನ್ನು ಪಟ್ಟಿಗೆ ಸೇರಿಸುವುದು. ಪಟ್ಟಿಯಲ್ಲಿ ಮೊದಲೇ ಇರುವ ‘ಪಬ್ಲಿಕ್’ ಕಡತಕೋಶಗಳನ್ನು ಕೈಬಿಡುವುದು.

(4) ಹೊಸ ಖಾತೆಗೆ ‘ರೀಡ್ ಆ್ಯಂಡ್ ರೈಟ್’ ಅನುಮತಿ, ‘ಎವ್ರಿವನ್’ ಎಂಬಲ್ಲಿ ‘ರೀಡ್ ಓನ್ಲಿ’ ಅನುಮತಿ ನೀಡುವುದು. ಗ್ರಂಥಾಲಯಕ್ಕೆ ಬರುವ ಓದುಗರು ಕಡತವನ್ನು ಓದಬಹುದು, ತಿದ್ದಲಾಗದು.

(5) ‘ಆಪ್ಷನ್ಸ್’ ಒತ್ತಿ ಎಸ್‌ಎಂಬಿ ಮೂಲಕ ಹಂಚುವ ಸಾಲಿಗೆ ಗುರುತು ಹಾಕುವುದು. ಅದರ ಕೆಳಗಿನ ಪಟ್ಟಿಯಲ್ಲಿ ಹೊಸ ಖಾತೆಗೂ ಗುರುತು ಹಾಕಿ ಗುಪ್ತಪದವನ್ನು ದಾಖಲಿಸುವುದು. ಮರೆತುಹೋಗುವ ಹಂತ ಸಾಮಾನ್ಯವಾಗಿ ಇದೇ. ಇದನ್ನು ಬಿಟ್ಟರೆ ಗುಪ್ತಪದ ಸರಿಯಿದ್ದರೂ ವಿಂಡೋಸ್‌ಗೆ ಪ್ರವೇಶ ಸಿಗದು.

(6) ‘ಶೇರಿಂಗ್’ ಪುಟದಲ್ಲಿ ಕಾಣುವ ಮ್ಯಾಕ್‌ನ ವಿಳಾಸವನ್ನು ಬರೆದುಕೊಳ್ಳುವುದು. ಯಂತ್ರವು ತಾನಾಗಿ ನಿದ್ರಾಸ್ಥಿತಿಗೆ ಹೋಗದಂತೆ ‘ಎನರ್ಜಿ ಸೇವರ್’ನಲ್ಲಿ ಹೊಂದಿಸುವುದು.

ವಿಂಡೋಸ್‌ನಲ್ಲಿ:

(1) ‘ಫೈಲ್ ಎಕ್ಸ್‌ಪ್ಲೋರರ್’ ತೆರೆದು, ವಿಳಾಸದ ಪಟ್ಟಿಯಲ್ಲಿ ಎರಡು ಹಿಂಬಾಗಿದ ಓರೆಗೆರೆಗಳನ್ನೂ ಅವುಗಳ ಬೆನ್ನಿಗೆ ಮ್ಯಾಕ್‌ನ ಅಂಕಿ ವಿಳಾಸವನ್ನೂ ಬೆರಳಚ್ಚಿಸಿ ‘ಎಂಟರ್’ ಒತ್ತುವುದು.

(2) ಹೆಸರು ಮತ್ತು ಗುಪ್ತಪದ ಕೇಳಿದಾಗ ಮ್ಯಾಕ್‌ನಲ್ಲಿ ರಚಿಸಿದ ಖಾತೆಯ ವಿವರ ನೀಡುವುದು. ಪದೇ ಪದೇ ಕೇಳುತ್ತಿದ್ದರೆ, ಖಾತೆಯ ಹೆಸರಿನ ಮುಂದೆ ಮ್ಯಾಕ್‌ನ ಹೆಸರು ಹಾಗೂ ಒಂದು ಹಿಂಬಾಗಿದ ಓರೆಗೆರೆ ಸೇರಿಸಿ ನೋಡುವುದು. ಮೇಲಿನ ಐದನೇ ಹಂತವನ್ನೂ ಮರುಪರಿಶೀಲಿಸುವುದು.

(3) ಕಡತಕೋಶ ತೆರೆದ ಮೇಲೆ ಒಂದು ಪರೀಕ್ಷಾ ಕಡತವನ್ನು ಅಲ್ಲಿಗೆ ನಕಲಿಸಿ, ಮ್ಯಾಕ್‌ನಲ್ಲಿ ತೆರೆದು ನೋಡುವುದು.

ಹಂಚಿಕೆಗೆ ಹಳೆಯ ಎಸ್‌ಎಂಬಿ ಆವೃತ್ತಿ ಬೇಕು, ಆದ್ದರಿಂದ ಅದು ಸುರಕ್ಷಿತವಲ್ಲ ಎಂಬ ಸಂದೇಶವನ್ನು ವಿಂಡೋಸ್ ತೋರಿಸಿದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ಆ ಮ್ಯಾಕ್ ಪೆನ್‌ಡ್ರೈವ್ ವರ್ಗಕ್ಕೆ ಸೇರಿದ್ದೆಂದು ತಿಳಿಯತಕ್ಕದ್ದು. ಯಂತ್ರವೇ ಕಾಣದಿದ್ದರೆ ತಂತಿಯನ್ನೂ, ವಿಳಾಸ ಬದಲಾಗಿದೆಯೇ ಎಂಬುದನ್ನೂ ನೋಡಬೇಕು. ರೌಟರ್ ನೀಡುವ ವಿಳಾಸವು ವಿದ್ಯುತ್ ಹೋಗಿ ಬಂದ ನಂತರ ಬದಲಾಗಿರಬಹುದು.

6. ಪೆನ್‌ಡ್ರೈವ್ ಮಾರ್ಗ

ಜಾಲಕ್ಕೆ ಸೇರಿಸಲಾಗದ ಮ್ಯಾಕ್ ಕೂಡ ಉಪಯೋಗಕ್ಕೆ ಬರುತ್ತದೆ. ಇದಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡಬೇಕು. ಅದು ಎನ್‌ಟಿಎಫ್‌ಎಸ್ ವಿನ್ಯಾಸದಲ್ಲಿದ್ದರೆ ಮ್ಯಾಕ್ ಅದರಿಂದ ಓದುತ್ತದೆಯೇ ಹೊರತು ಅದಕ್ಕೆ ಬರೆಯುವುದಿಲ್ಲ. 10.6.5 ಹಾಗೂ ನಂತರದ ಮ್ಯಾಕ್‌ಗಳಿಗೆ ಎಕ್ಸ್‌ಫ್ಯಾಟ್ ವಿನ್ಯಾಸ ಹೊಂದುತ್ತದೆ. ಅದಕ್ಕಿಂತ ಹಳೆಯವುಗಳಿಗೆ ಫ್ಯಾಟ್32 ವಿನ್ಯಾಸ ಬೇಕು. ಅದರಲ್ಲಿ 4 ಜಿಬಿ ಅಥವಾ ಹೆಚ್ಚಿನ ಗಾತ್ರದ ಒಂದೇ ಕಡತವನ್ನು ಇಡಲಾಗದು. ವಿನ್ಯಾಸ ಬದಲಿಸಿದಾಗ ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆಂಬುದು ನೆನಪಿನಲ್ಲಿರಲಿ. ಗ್ರಂಥಾಲಯದಿಂದ ಮರಳಿದ ಪೆನ್‌ಡ್ರೈವ್‌ನ್ನು ಕಚೇರಿಯ ಯಂತ್ರದಲ್ಲಿ ವೈರಸ್ ಪರೀಕ್ಷೆ ಮಾಡಿದ ನಂತರವೇ ತೆರೆಯಬೇಕು.

ಮ್ಯಾಕ್‌ನಲ್ಲಿ ಬಳಸಿದ ಪೆನ್‌ಡ್ರೈವ್‌ನಲ್ಲಿ ಚುಕ್ಕೆ ಹಾಗೂ ಅಡಿಗೆರೆಯಿಂದ ಆರಂಭವಾಗುವ ಹೆಸರಿನ ಚಿಕ್ಕ ಕಡತಗಳು ವಿಂಡೋಸ್‌ನಲ್ಲಿ ಕಾಣುವುದುಂಟು. ಇವು ಮ್ಯಾಕ್ ತನ್ನ ಲೆಕ್ಕಕ್ಕಾಗಿ ಇಟ್ಟುಕೊಳ್ಳುವಂತಹವು. ತೆರೆಯಲು ಹೋದರೆ ತೆರೆಯುವುದಿಲ್ಲ. ಅದರಿಂದ ಮೂಲ ಕಡತ ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

7. ಕನ್ನಡ ಕಡತಗಳ ತೊಡಕು

ಯಂತ್ರಗಳು ಜೋಡಣೆಯಾದ ಮೇಲೂ ಕಡತ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಗೊಂದಲ ಕಾಣಿಸಬಹುದು. ಇದಕ್ಕೂ ಜಾಲಕ್ಕೂ ಸಂಬಂಧವಿಲ್ಲ. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆ ಅಕ್ಷರಶೈಲಿ ಇರುವ ಯಂತ್ರದಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ, ಮ್ಯಾಕ್‌ನಲ್ಲಿ ಅದು ಇರುವುದಿಲ್ಲ.

ಪರಿಹಾರ ಎರಡು ಬಗೆಯದು. ಓದಲು ಮಾತ್ರ ನೀಡುವ ಕಡತವನ್ನು ಕಚೇರಿಯಲ್ಲಿಯೇ ಪಿಡಿಎಫ್ ರೂಪಕ್ಕೆ ತಂದು ಜಗಲಿಯಲ್ಲಿಡುವುದು. ಅಕ್ಷರಗಳ ರೂಪವೂ ಅದರೊಂದಿಗೇ ಹೋಗುತ್ತದೆ. ಮುಂದೆ ತಿದ್ದಬೇಕಾದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅಂಕಿಗಳನ್ನೂ ಒತ್ತಕ್ಷರಗಳನ್ನೂ ಮೂಲದೊಂದಿಗೆ ಓದಿ ತಾಳೆ ನೋಡುವುದು. ಮ್ಯಾಕ್‌ನಲ್ಲಿ ಕನ್ನಡ ಯೂನಿಕೋಡ್ ಅಕ್ಷರಶೈಲಿಗಳು 2011ರಲ್ಲಿ ಬಂದ 10.7ನೇ ಆವೃತ್ತಿಯೊಂದಿಗೆ ದೊರೆತವು. ಅದಕ್ಕಿಂತ ಹಳೆಯ ಯಂತ್ರಗಳಿಗೆ ಪಿಡಿಎಫ್ ಸೂಕ್ತ.

ಕಡತದ ಹೆಸರಿನಲ್ಲಿಯೂ ಎಚ್ಚರ ಬೇಕು. ಮ್ಯಾಕ್‌ನಲ್ಲಿ ‘ನಿರ್ಣಯ 4/2’ ಎಂದು ಓರೆಗೆರೆ ಸೇರಿಸಿ ಹೆಸರಿಡಬಹುದು. ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ಉದ್ಧರಣ ಚಿಹ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಓರೆಗೆರೆಯ ಬದಲು ಅಡ್ಡಗೆರೆ ಬಳಸುವ ರೂಢಿ ಎರಡೂ ಕಡೆ ಇರಲಿ.

ಒಳಗಿನ ಬ್ಯಾಟರಿ ಕ್ಷೀಣಿಸಿದ ಹಳೆಯ ಮ್ಯಾಕ್‌ಗಳು ವಿದ್ಯುತ್ ಕಡಿತವಾದಾಗ ದಿನಾಂಕವನ್ನು ಮರೆತು ಹಲವು ವರ್ಷ ಹಿಂದಕ್ಕೆ ಹೋಗುತ್ತವೆ. ಆಗ ಅಲ್ಲಿ ಉಳಿಸಿದ ಕಡತಕ್ಕೂ ತಪ್ಪು ದಿನಾಂಕ ಬೀಳುತ್ತದೆ, ಹೊಸ ಪಟ್ಟಿ ಯಾವುದು, ಹಳೆಯದು ಯಾವುದು ಎಂಬ ಗೊಂದಲ ಹುಟ್ಟುತ್ತದೆ. ದಿನಾಂಕವನ್ನು ಕಡತದ ಹೆಸರಿನಲ್ಲಿಯೇ ಬರೆಯುವುದು ಸುರಕ್ಷಿತ.

8. ಜಗಲಿಗೆ ಏನು ಬರಬೇಕು, ಏನು ಬರಬಾರದು

ಗ್ರಾಮಸಭೆ ಮತ್ತು ವಾರ್ಡ್‌ಸಭೆಯ ತಿಳಿವಳಿಕೆ ಪತ್ರಗಳು, ಸಾರ್ವಜನಿಕರಿಗೆ ಪ್ರಕಟಿಸಿದ ಆಯವ್ಯಯದ ಸಾರಾಂಶ, ಯೋಜನೆಗಳ ಅರ್ಜಿ ನಮೂನೆಗಳು, ಕಾಮಗಾರಿಗಳ ಛಾಯಾಚಿತ್ರಗಳು, ಗ್ರಂಥಾಲಯದ ಮಕ್ಕಳ ಬರಹ ಹಾಗೂ ಚಿತ್ರಗಳು ಇಲ್ಲಿ ಇರಬಹುದು. ಇವುಗಳನ್ನು ನೋಡಲು ಜನರು ಕಚೇರಿಯ ಮೇಜಿನ ಮುಂದೆ ಕಾಯಬೇಕಾಗಿಲ್ಲ ಎಂಬುದೇ ಈ ಜೋಡಣೆಯ ಪ್ರಯೋಜನ.

ಆಧಾರ್ ಅಥವಾ ಬ್ಯಾಂಕ್ ಖಾತೆಯ ಸಂಖ್ಯೆ ಇರುವ ಫಲಾನುಭವಿ ಪಟ್ಟಿ, ಗುಪ್ತಪದಗಳು, ಜನರು ಸಲ್ಲಿಸಿದ ವೈಯಕ್ತಿಕ ದಾಖಲೆಗಳು ಒಂದು ಗಂಟೆಯ ಮಟ್ಟಿಗೂ ಅಲ್ಲಿಗೆ ಬರಬಾರದು. ಡಿಜಿಟಲ್ ಸಹಿಯ ಸಾಧನವನ್ನು ಗ್ರಂಥಾಲಯದ ಯಂತ್ರದಲ್ಲಿ ಬಳಸಬಾರದು.

ಮೂಲ ಕಡತವು ಯಾವಾಗಲೂ ಕಚೇರಿಯಲ್ಲಿರಬೇಕು, ಜಗಲಿಗೆ ಬರುವುದು ಅದರ ಪ್ರತಿ ಮಾತ್ರ. ವಿಂಡೋಸ್‌ನಿಂದ ಜಾಲದ ಕಡತಕೋಶದಲ್ಲಿರುವ ಕಡತವನ್ನು ಅಳಿಸಿದರೆ ಅದು ಸಾಮಾನ್ಯವಾಗಿ ‘ರೀಸೈಕಲ್ ಬಿನ್’ಗೆ ಹೋಗುವುದಿಲ್ಲ, ನೇರವಾಗಿ ಅಳಿದುಹೋಗುತ್ತದೆ. ಆದ್ದರಿಂದ ಹಂಚಿಕೆಯ ಕಡತಕೋಶವನ್ನು ದಾಖಲೆಗಳ ಕಾಪು ಪ್ರತಿಯೆಂದು ಎಣಿಸಬಾರದು. ಕಾಪು ಪ್ರತಿಯನ್ನು ಪ್ರತ್ಯೇಕವಾಗಿ ಇರಿಸತಕ್ಕದ್ದು.

9. ಸದಸ್ಯರು ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕೊಡುಗೆಯ ಯಂತ್ರವನ್ನು ಬಳಕೆಗೆ ತರುವ ವಿಷಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಉಚಿತ.

• ಯಂತ್ರವನ್ನು ದಾಸ್ತಾನು ವಹಿಯಲ್ಲಿ ನಮೂದಿಸಲಾಗಿದೆಯೇ? ಹಿಂದಿನ ಮಾಲೀಕರ ಕಡತಗಳನ್ನು ಅಳಿಸಿ, ಅವರ ಖಾತೆಯಿಂದ ಯಂತ್ರವನ್ನು ಬಿಡಿಸಲಾಗಿದೆಯೇ?

• ಅದರ ಆವೃತ್ತಿ ಯಾವುದು? ಅದು ಜಾಲದ ವರ್ಗಕ್ಕೆ ಸೇರಿದ್ದೇ, ಪೆನ್‌ಡ್ರೈವ್ ವರ್ಗಕ್ಕೆ ಸೇರಿದ್ದೇ?

• ಕಚೇರಿಯ ವಿಂಡೋಸ್ ಯಂತ್ರದಲ್ಲಿ ಎಸ್‌ಎಂಬಿಯ ಮೊದಲ ಆವೃತ್ತಿ ಮುಚ್ಚಿದ ಸ್ಥಿತಿಯಲ್ಲಿದೆಯೇ?

• ಹಂಚಿಕೆಯ ಗುಪ್ತಪದ ಯಾರ ಬಳಿ ಇದೆ? ಸಿಬ್ಬಂದಿ ಬದಲಾದಾಗ ಅದನ್ನು ಬದಲಿಸುವವರು ಯಾರು?

• ಜಗಲಿಯಲ್ಲಿರುವ ಕಡತಗಳನ್ನು ತಿಂಗಳಿಗೊಮ್ಮೆ ನೋಡಿ, ಅನವಶ್ಯಕವಾದವುಗಳನ್ನು ತೆಗೆಯುವ ಹೊಣೆ ಯಾರದ್ದು?

ಯಂತ್ರವು ಯಾವ ಬಗೆಯ ಬಳಕೆಗೂ ತಕ್ಕುದಲ್ಲವೆಂದು ಕಂಡುಬಂದರೆ ಅದನ್ನು ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಆಶಯದಂತೆ, ಒಳಗಿನ ದತ್ತಾಂಶವನ್ನು ಪೂರ್ಣವಾಗಿ ಅಳಿಸಿದ ನಂತರ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ಆದರೆ ಹೆಚ್ಚಿನ ಮ್ಯಾಕ್‌ಗಳಿಗೆ ಆ ಸ್ಥಿತಿ ಬರಬೇಕಾಗಿಲ್ಲ. ಕಚೇರಿಯ ಕೆಲಸಕ್ಕೆ ಹಳೆಯದಾದ ಯಂತ್ರವು ಗ್ರಂಥಾಲಯದ ಓದಿಗೆ ಹಳೆಯದಾಗುವುದಿಲ್ಲ. ಅದಕ್ಕಾಗಿ ಕಚೇರಿಯ ದಾಖಲೆಗಳನ್ನು ಪಣಕ್ಕೊಡ್ಡಬಾರದು, ಅಷ್ಟೇ. ತೆರೆದಿಡುವುದು ಮ್ಯಾಕ್‌ನ ಒಂದೇ ಕಡತಕೋಶವಾಗಿರಲಿ, ಅದರೊಳಗೆ ಪ್ರತಿಗಳು ಮಾತ್ರ ಇರಲಿ, ಕಚೇರಿಯ ಯಂತ್ರದ ಬಾಗಿಲು ಮುಚ್ಚಿಯೇ ಇರಲಿ. ಈ ಮೂರು ಷರತ್ತುಗಳನ್ನು ನಿರ್ಣಯದಲ್ಲಿಯೇ ದಾಖಲಿಸಿದರೆ ಅಧಿಕಾರಿ, ಸಿಬ್ಬಂದಿ ಮತ್ತು ಸದಸ್ಯರು ಬದಲಾದ ನಂತರವೂ ಮುಂದಿನವರಿಗೆ ದಾರಿ ಸ್ಪಷ್ಟವಾಗಿರುತ್ತದೆ.